ಹೊರಗಿಟ್ಟ ಕುರ್ಚಿಗಳು

ಲುಸಾಕಾದಲ್ಲಿ ನಾನಿದ್ದ ಮನೆಯ ಗೇಟಿನ ಪಕ್ಕದಲ್ಲೇ ಒಬ್ಬಾಕೆ ಟೊಮೆಟೊ ಮಾರುತ್ತಿದ್ದಳು. ಹಲಗೆಯ ಮೇಲೆ ಸಣ್ಣ ಸಣ್ಣ ಗುಡ್ಡೆ ಮಾಡಿ ಇಡುತ್ತಿದ್ದಳು, ರಾಯದುರ್ಗದ ಸಂತೆಯಲ್ಲಿ ಹೆಂಗಸರು ಇಡುವ ಹಾಗೆಯೇ. ನಾನು ಅವಳನ್ನು ಅಮಾಯಿ ಎನ್ನುತ್ತಿದ್ದೆ. ಅಲ್ಲಿನ ಮಾತಿನಲ್ಲಿ ಅಮ್ಮ ಎಂದರ್ಥ. ಅವಳಿಗೆ ನಾನು ಸಿಸ್ಟರ್.

ನಾನು ಅಲ್ಲಿಗೆ ಹೋದದ್ದು ಮಿಷನ್ ಕೆಲಸಕ್ಕೆ. ಮಡಕಶಿರಾದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಚರ್ಚಿಗೆ ಸೇರಿದೆ. ಕೆಲವು ವರ್ಷಗಳಾದ ಮೇಲೆ ಅವರೇ ಜಾಂಬಿಯಾಕ್ಕೆ ಕಳಿಸಿದರು. ಹೊರದೇಶದ ಮಿಷನರಿ ಎಂದರೆ ಬಿಳಿಯರು ಎಂದುಕೊಂಡಿದ್ದ ಅಲ್ಲಿನ ಜನ, ಮೊದಮೊದಲು ನನ್ನನ್ನು ಅಲ್ಲಿ ಅಂಗಡಿ ಇಟ್ಟ ಯಾರೋ ಇಂಡಿಯಾದವರ ಮನೆಯಾಕೆ ಎಂದುಕೊಂಡು ಸಕ್ಕರೆಯ ರೇಟು ಕೇಳುತ್ತಿದ್ದರು. ಬೆಳಗ್ಗೆ ಕ್ಲಿನಿಕ್ಕಿನಲ್ಲಿ ಕೂಸುಗಳ ತೂಕ ನೋಡುವುದು. ಮಧ್ಯಾಹ್ನ ಕರೆಂಟಿದ್ದರೆ ಹೊಲಿಗೆ ಕ್ಲಾಸು, ಇಲ್ಲದಿದ್ದರೆ ಕೈಯಲ್ಲಿ ಗುಂಡಿ ಹಚ್ಚುವುದು. ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ. ಹೆಚ್ಚಿನ ದಿನಗಳು ಹೀಗೇ ಕಳೆದವು.

ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಉಣ್ಣುತ್ತಾರೆ. ನಾನು ಮುರಿದು, ಸಾರಿನಲ್ಲಿ ಅದ್ದಿ ತಿನ್ನುವುದನ್ನು ಅಮಾಯಿ ಒಂದು ದಿನ ನೋಡಿದಳು.

"ನಮ್ಮ ಹಾಗೆ ತಿನ್ನುತ್ತೀಯಲ್ಲ, ಯಾರು ಕಲಿಸಿದರು?"

"ನಮ್ಮವ್ವ."

"ಹಾಗಾದರೆ ಅವಳು ನಮ್ಮವಳೇ ಬಿಡು. ಇಲ್ಲಿಗೆ ಕರೆಸು. ನೀನು ಟೊಮೆಟೊ ಆರಿಸುವುದು ನೋಡಿದರೆ, ಪಾಪ, ಅರ್ಧ ಮಾತ್ರ ಕಲಿಸಿ ಕಳಿಸಿದ್ದಾಳೆ."

ನಾನು ನಕ್ಕೆ. ಅವ್ವನನ್ನು ಕರೆಸುವ ಮಾತಿರಲಿ, ಅವ್ವನ ಅಡುಗೆಮನೆಗೆ ನಾನೇ ಹೋಗಿ ವರ್ಷಗಳಾಗಿದ್ದವು.

ನಮ್ಮದು ರಾಯದುರ್ಗದ ಶೈವರ ಮನೆ. ಚರ್ಚಿಗೆ ಸೇರುವ ಮೊದಲು ಮಡಕಶಿರಾದಿಂದ ರಜೆಗೆ ಬಂದರೆ, ಚೀಲ ಕೆಳಗಿಟ್ಟು ನೇರ ಒಳಗೆ ಹೋಗಿ ಅವ್ವನ ಪಕ್ಕ ನೆಲಕ್ಕೆ ಕೂರುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು. ಸೇರಿದ ಮೇಲೆ ಮೊದಲ ಸಲ ಬಂದಾಗ ಅವ್ವ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಸೆರಗಿನಿಂದ ಒರೆಸಿ, "ಕುಂದ್ರವ್ವ" ಅಂದಳು. ಬೀಗರು ಬಂದಾಗ ಹಾಕುವ ಕುರ್ಚಿ ಅದು. ಜಗಳವಾಗಲಿಲ್ಲ, ಒಂದು ಬಿರುಸಿನ ಮಾತೂ ಬರಲಿಲ್ಲ. ನಾನು ಕೂತೆ. ಆಮೇಲೆ ಬಂದಾಗಲೆಲ್ಲ ಅದೇ ಕುರ್ಚಿ. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಿದ್ದಳು. ಅವಳ ಹಿಂದೆ ಹಂಚು ಕಾಯುತ್ತಿರುತ್ತಿತ್ತು. ಒಳಗೆ ಬಾ ಅಂದಿದ್ದರೆ ಹೋಗುತ್ತಿದ್ದೆ. ನಾನೇ ಎದ್ದು ಹೋಗಿದ್ದರೆ ಬೇಡ ಅನ್ನುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿಯುವ ದಾರಿ ಈಗ ಇಲ್ಲ.

ತಮ್ಮನ ಫೋನು ಬಂದಾಗ ನಾನು ಕ್ಲಿನಿಕ್ಕಿನಿಂದ ಬಂದು ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ.

"ಅಕ್ಕಾ, ಅವ್ವ ಹೋದಳು. ಮುಂಜಾನಿ ಚಾ ಕುಡುದು ಅಡ್ಡಾದಾಕಿ ಏಳಲೇ ಇಲ್ಲ. ಸಂಜಿ ಒಳಗ ಮಣ್ಣು ಮಾಡ್ತೀವಿ. ನಿನಗ ಬರಾಕ ಆಗಂಗಿಲ್ಲ, ಗೊತ್ತೈತಿ."

ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕು ಅನ್ನಿಸಿತು. ಆದರೆ ಗೇಟಿನಾಚೆಯಿಂದ ಅಮಾಯಿ ನನ್ನ ಮುಖ ನೋಡಿಬಿಟ್ಟಿದ್ದಳು. ಕೇಳಿದಳು, ಹೇಳಿದೆ. ಅವಳು ಟೊಮೆಟೊ ಮೇಲೆ ಗೋಣಿಚೀಲ ಹೊದಿಸಿ ಎಲ್ಲೋ ಹೋದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದರು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಕುರ್ಚಿ, ಮೇಜು, ಮಂಚ ಎಲ್ಲವನ್ನೂ ಹೊತ್ತು ಅಂಗಳದಲ್ಲಿಟ್ಟು ಒಳಗೆ ಚಾಪೆ ಹಾಸಿದರು. ಗಂಡಸರು ಬಿಸಿಲಿದ್ದರೂ ಹೊರಗೆ ಬೆಂಕಿ ಹಾಕಿಕೊಂಡು ಸುತ್ತ ಕೂತರು. ಅಲ್ಲಿ ಸಾವಾದ ಮನೆಯಲ್ಲಿ ಹೆಂಗಸರು ಎತ್ತರದಲ್ಲಿ ಕೂರುವುದಿಲ್ಲ. ಬೇರೆಯವರ ಮನೆಗಳಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ; ಅಲ್ಲಿ ಪ್ರಾರ್ಥನೆ ಮಾಡಿ, ಧೈರ್ಯ ಹೇಳಿ ಬಂದಿದ್ದೆ. ನನಗಾಗಿಯೂ ಹೀಗೆ ಬರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಷ್ಟರಲ್ಲಿ ತಮ್ಮ ವಿಡಿಯೊ ಕಾಲ್ ಮಾಡಿದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಹೊಸ ಸೀರೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ನನ್ನ ಭುಜದ ಮೇಲಿಂದ ನೋಡುತ್ತಿದ್ದ ಅಮಾಯಿ ದಿಗ್ಗನೆ ಹಿಂದೆ ಸರಿದಳು. ನಾಲಿಗೆ ಆಡಿಸುತ್ತ, ಅವರು ಮದುವೆಮನೆಯಲ್ಲಿ ಹಾಕುವ ಕೇಕೆ ಹಾಕಿದಳು.

"ಕೂತಿದ್ದಾಳೆ! ನಿನ್ನ ಅಮ್ಮ ಎದ್ದು ಕೂತಿದ್ದಾಳೆ!"

ಉಳಿದವರೂ ಕೇಕೆ ಹಾಕಿದರು. ಒಬ್ಬಳು ಕುಣಿದೇಬಿಟ್ಟಳು. ಫೋನಿನ ಆ ಕಡೆಯಿಂದ ತಮ್ಮ, "ಏನಕ್ಕಾ ಅದು? ಅಲ್ಲೇನು ಲಗ್ನ ನಡದೈತೇನು?" ಎಂದ. ಅವನ ದನಿಯಲ್ಲಿದ್ದದ್ದು ಸಿಟ್ಟೋ ಅಳುವೋ ಗೊತ್ತಾಗುವ ಮೊದಲೇ ಲೈನು ಕಡಿಯಿತು.

ನಾನು ಅವರಿಗೆ ತಿಳಿಸಿ ಹೇಳಬೇಕಾಯಿತು. ಅವ್ವ ಸತ್ತಿರುವುದು ನಿಜ, ನಮ್ಮಲ್ಲಿ ಹೀಗೆ ಕೂಡಿಸುತ್ತಾರೆ ಎಂದೆ. ಕುಣಿಯುತ್ತಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಮಾಯಿ ಚಾಪೆಯ ಮೇಲೆ ಕೂತು ಕೇಳಿದಳು:

"ಮಣ್ಣಿನೊಳಗೂ ಕೂತೇ ಇರುತ್ತಾಳಾ?"

"ಹೌದು."

"ಕುರ್ಚಿಯ ಮೇಲಾ?"

"ಇಲ್ಲ. ನೆಲದ ಮೇಲೆ, ಕಾಲು ಮಡಚಿ."

ಅಲ್ಲಿನ ಹೆಂಗಸರು ಕಾಲು ಚಾಚಿ ಕೂರುವವರು. ಅಮಾಯಿ ಗೋಡೆಗೆ ಒರಗಿ, ಕಷ್ಟಪಟ್ಟು ಕಾಲು ಮಡಚಿಕೊಂಡಳು. "ಅವಳು ಕೂತಿದ್ದಾಳಂತೆ. ನಾವೂ ಅವಳ ಜೊತೆ ಕೂರೋಣ. ನೀನೂ ಬಾ ಸಿಸ್ಟರ್, ಆವಾಗಿನಿಂದ ನಿಂತೇ ಇದ್ದೀಯ."

ಆಗಲೇ ನನಗೆ ತಿಳಿದದ್ದು, ಫೋನು ಹಿಡಿದು ನಿಂತೇ ಇದ್ದೆನೆಂದು. ಕೂತೆ. ರಾಯದುರ್ಗದಲ್ಲಿ ಮಣ್ಣು ಮಾಡುವ ಹೊತ್ತು ಮುಗಿಯುವವರೆಗೂ ಅವರು ಕದಲಲಿಲ್ಲ. ಅವ್ವ ಯಾವ ದೇವರನ್ನು ನಂಬಿದ್ದಳು ಎಂದು ಒಬ್ಬರೂ ಕೇಳಲಿಲ್ಲ. ಪ್ರಾರ್ಥನೆ ಮಾಡುವುದು ನನ್ನ ಕೆಲಸವಾಗಿತ್ತು. ಆ ದಿನ ಕಾಲು ಮಡಚಿ ಕೂತದ್ದಷ್ಟೇ.

ಮಿಷನ್ ಕೆಲಸ ಮುಗಿಸಿ ಬಂದು ಈಗ ರಾಯದುರ್ಗದಲ್ಲಿದ್ದೇನೆ, ಅದೇ ಮನೆಯಲ್ಲಿ. ತಮ್ಮ ಮೇಲೊಂದು ಅಂತಸ್ತು ಕಟ್ಟಿಸಿ ಅಲ್ಲಿ ಜೀನ್ಸ್ ಹೊಲಿಯುವ ಮಷೀನು ಹಾಕಿದ್ದಾನೆ. ನನಗೆ ಊಟ ಪಡಸಾಲೆಗೇ ಬರುತ್ತದೆ. ಹಳೆಯ ಕುರ್ಚಿಯ ಮೇಲೆ ಕೂತು ಉಣ್ಣುತ್ತೇನೆ.

ಹೋದ ವಾರ ಅಮಾಯಿಯ ಮಗಳು ಮೊಬೈಲಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು. ಅಮಾಯಿ ತೀರಿಕೊಂಡಿದ್ದಳು. ಹಿಂದೆ ಹೆಂಗಸರ ಅಳು, ಮೇಜು ಎಳೆಯುವ ಸದ್ದು ಕೇಳಿಸಿತು. ಮುಗಿದ ಮೇಲೆ ಇನ್ನೊಮ್ಮೆ ಹಾಕಿ ಕೇಳಿದೆ. ಆಮೇಲೆ ಎದ್ದು ನನ್ನ ಕುರ್ಚಿಯನ್ನು ಹೊರಗಿಟ್ಟೆ. ಸೋಫಾ ಒಬ್ಬಳಿಗೆ ಜಗ್ಗಲಿಲ್ಲ.

ತಮ್ಮನ ಹೆಂಡತಿ ಒಳಗಿನಿಂದ ಇಣುಕಿದಳು. "ಯಾಕ್ರಿ ಅಕ್ಕಾರ, ಗೋಡಿಗೆ ಬಣ್ಣ ಹೊಡಸ್ತೀರೇನು?"

"ಅಲ್ಲಿ ನನ್ನ ಗೆಳತಿ ಹೋದಳು. ನೆಲದ ಮ್ಯಾಲೆ ಕುಂದ್ರಬೇಕು."

"ಯಾರು, ಆ ಕೇಕಿ ಹಾಕಿದಾಕೀನಾ?"

"ಹೌದು."

ಆ ಕೇಕೆಯನ್ನು ಈ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಅವಳು ಬಂದು ಸೋಫಾದ ಇನ್ನೊಂದು ತುದಿ ಹಿಡಿದಳು. ಬಾಗಿಲಲ್ಲಿ ಅದು ಸಿಕ್ಕಿಕೊಂಡಿತು. "ಭಾಳ ಗಟ್ಟಿಗಿತ್ತಿ ಬಿಡ್ರಿ ನಿಮ್ಮಾಕಿ. ಅಷ್ಟು ದೂರದಿಂದ ನಮ್ಮ ಕೈಲೆ ಸೋಫಾ ಹೊರಸಾಕತ್ತಾಳ." ಇಬ್ಬರೂ ಕೈಬಿಟ್ಟೆವು.

"ಇದು ಬರಂಗಿಲ್ಲ. ಒಳಗ ಬರ್ರಿ, ಒಲಿ ಮುಂದ ಕುಂದ್ರೂಣು. ಹಂಚು ಕಾಯಾಕತ್ತೈತಿ."

ಎಷ್ಟು ಸಲೀಸಾಗಿ ಅಂದಳು. ನಾನು ಹೋದೆ. ಗ್ಯಾಸ್ ಒಲೆ ಈಗಲೂ ನೆಲದ ಮೇಲೇ ಇದೆ. ಗೋಡೆಗೆ ಒರಗಿ, ಕಾಲು ಮಡಚಿ ಕೂತೆ. ಅವಳು ರೊಟ್ಟಿ ಬಡಿಯುತ್ತ ಅಮಾಯಿಯ ವಿಚಾರ ಕೇಳಿದಳು, ನಾನು ಹೇಳುತ್ತಾ ಹೋದೆ. ಏಳುವಾಗ ನೋಡಿದರೆ, ನನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆ.