ಊರಿನ ಬೆನ್ನು ಬರೆಯುವ ಸೋಮಯ್ಯ

ಕಬ್ಬಿನ ಗದ್ದೆಯ ಮೇಲೆ ಮಂಜು ಇನ್ನೂ ಕುಳಿತಿದೆ. ಸಿಂಧಘಟ್ಟದಾಚೆಯ ಈ ಪುಟ್ಟ ಹಳ್ಳಿಯಲ್ಲಿ ಹಾಲಿನ ಡೈರಿಯ ಮುಂದೆ ಕ್ಯಾನು, ಚೊಂಬು ಹಿಡಿದವರ ಸಾಲು ಬೆಳೆಯುತ್ತಿದೆ. ಎದುರಿನ ರಾಮಮಂದಿರದ ಜಗಲಿಯಲ್ಲಿ ಸೋಮಯ್ಯ ಕುಕ್ಕರಗಾಲಲ್ಲಿ ಕುಳಿತು ಆ ಸಾಲನ್ನೇ ನೋಡುತ್ತಿದ್ದಾರೆ. ಸಾಲಿನವರ ಮುಖ ಡೈರಿಯ ಕಡೆಗೆ. ಇವರಿಗೆ ಕಾಣುವುದು ಬೆನ್ನು ಮಾತ್ರ. ಇವರಿಗೆ ಬೇಕಾದದ್ದೂ ಅದೇ. ಒಬ್ಬನ ಕತ್ತು ಮುಂದಕ್ಕೆ ಬಾಗಿದೆ. ಒಬ್ಬಳು ಸೊಂಟಕ್ಕೆ ಕೈಕೊಟ್ಟು ಒಂದೇ ಕಾಲಿನ ಮೇಲೆ ಭಾರ ಬಿಟ್ಟಿದ್ದಾಳೆ. ಈ ಆಚಾರ್ರು ಬಂದ ಮೇಲೆ ಬೆನ್ನು ತುರಿಸಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ ಎಂದು ಸಾಲಿನಲ್ಲಿ ಯಾರೋ ಗೊಣಗುತ್ತಾರೆ. ಸಾಲು ನಗುತ್ತದೆ. ಸೋಮಯ್ಯ ಎದ್ದು, ರಾಮನಿಗೆ ಕೈಮುಗಿದು, ಬ್ರಶ್ಶನ್ನು ನೀರಿಗೆ ಅದ್ದುತ್ತಾರೆ.

ಅಕ್ಕಿಹೆಬ್ಬಾಳಿನ ಆಚಾರ್ ಮನೆತನ ಅವರದು. ಅಜ್ಜ ಎತ್ತಿನ ಗಾಡಿ ಮಾಡುತ್ತಿದ್ದರು, ತಂದೆ ಅದಕ್ಕೆ ಬಣ್ಣ ಹಚ್ಚುತ್ತಿದ್ದರು. ಟ್ರಾಕ್ಟರು ಬಂದು ಗಾಡಿ ಮೂಲೆ ಸೇರಿದಾಗ ಸೋಮಯ್ಯ ಕೆ.ಆರ್. ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯಲು ಹೊರಟರು. ಫ್ಲೆಕ್ಸು ಬಂದು ಅದನ್ನೂ ಕಸಿಯಿತು. ಈಗ ಉಳಿದಿರುವುದು ಭಜನೆಮನೆ, ರಾಮಮಂದಿರಗಳ ಗೋಡೆಗಳು. ಪಾಂಡವಪುರದಿಂದ ನಾಗಮಂಗಲದವರೆಗೆ ಯಾರು ಕರೆದರೂ ಬಣ್ಣದ ಡಬ್ಬಿಗಳ ಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಕೆಲಸ ಮುಗಿಯುವವರೆಗೆ ಮಂದಿರವೇ ಮನೆ. ಊಟ ಸರದಿಯ ಮೇಲೆ ಒಂದೊಂದು ಮನೆಯಿಂದ ಬರುತ್ತದೆ. ಯಾವ ಗೋಡೆಯ ಮೇಲೂ ತಮ್ಮ ಹೆಸರು ಹಾಕಿದವರಲ್ಲ.

ಎಲ್ಲ ಊರಿನಲ್ಲೂ ಅವರು ಬರೆಯುವುದು ರಾಮ ಸೇತುವೆ ಕಟ್ಟಿಸಿದ ಕಥೆಯ ಚಿತ್ರವನ್ನೇ. ಆದರೆ ಕಪಿಸೇನೆಯ ಜಾಗದಲ್ಲಿ ಆ ಊರಿನ ಜನ ಇರುತ್ತಾರೆ. ಊರ ಬಾಗಿಲಿನಿಂದ ಕಡಲಿನವರೆಗೆ ಒಂದೇ ಸಾಲು. ಕಲ್ಲು ಕೈಯಿಂದ ಕೈಗೆ ಸಾಗುತ್ತದೆ. ಕಮ್ಮಾರ ಇದ್ದಾನೆ, ಗದ್ದೆಯ ಆಳಿದ್ದಾನೆ, ಕಂಕುಳಲ್ಲಿ ಕೂಸಿಟ್ಟುಕೊಂಡ ಸೊಸೆಯಿದ್ದಾಳೆ. ಅಷ್ಟು ಜನರಲ್ಲಿ ಮುಖ ಕಾಣುವುದು ಆಚೆ ತುದಿಯಲ್ಲಿ ನಿಂತ ರಾಮನದು ಮಾತ್ರ. ಉಳಿದವರೆಲ್ಲ ಅವನ ಕಡೆಗೆ ತಿರುಗಿ, ನಮಗೆ ಬೆನ್ನು ತೋರಿಸಿದ್ದಾರೆ.

“ಮುಖ ಬರೆದ್ರೆ ಅವನು ಅವನೊಬ್ಬನೇ ಆಯ್ತಾನೆ. ನಂದು ಚೆನ್ನಾಗಿಲ್ಲ, ಅವಂದು ಚೆನ್ನಾಗದೆ ಅಂತ ಜಗಳ ಬತ್ತದೆ” ಎನ್ನುತ್ತಾರೆ ಸೋಮಯ್ಯ. “ಬೆನ್ನು ಬರೆದ್ರೆ ಎಲ್ರೂ ಒಂದೇ ಕಡೆ ನೋಡ್ತಾವ್ರೆ ಅನ್ನಿಸ್ತದೆ. ಊರು ಅಂದ್ರೆ ಅಷ್ಟೇ ಕಣಪ್ಪ.”

ಆದರೂ ಜನ ತಮ್ಮವರನ್ನು ಗುರುತಿಸದೆ ಬಿಡುವುದಿಲ್ಲ. ಸೊಟ್ಟಗಾಲು, ಹೆಗಲ ಇಳಿಜಾರು, ಟವೆಲ್ಲು ಹಾಕುವ ರೀತಿ, ಯಾವುದೋ ಒಂದು ಹೇಳಿಬಿಡುತ್ತದೆ.

ಈ ಮಂದಿರದ ಗೋಡೆಯನ್ನು ಸೋಮಯ್ಯ ಹಿಂದೆ ಒಮ್ಮೆ ಬರೆದಿದ್ದರು. ನಾಲೆಯ ತೇವ ಹತ್ತಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದುದರಿಂದ ಈಗ ಮತ್ತೆ ಕರೆ ಬಂದಿದೆ. ಮಂದಿರದ ಉಸ್ತುವಾರಿ ನೋಡುವ ಮೋಹನ್ ಕುಮಾರ್ ಒಂದು ಮಾತು ಹೇಳಿದ್ದಾರೆ. ತೀರಿಹೋದವರು ಬದುಕಿರುವವರ ಸಾಲಿನಲ್ಲಿ ನಿಂತಿರುವುದು ಶುಭವಲ್ಲ, ಅವರನ್ನು ತೆಗೆಯಿರಿ, ಹೊಸದಾಗಿ ಬಂದ ಸೊಸೆಯಂದಿರಿಗೆ ಜಾಗವೂ ಆಗುತ್ತದೆ. ಮೋಹನ್ ಕುಮಾರ್ ಕೆಟ್ಟವರಲ್ಲ. ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಗಿದೆ, ಭಯ ಅಷ್ಟೆ.

ಸೋಮಯ್ಯ ಆಗಲಿ ಎಂದಿದ್ದಾರೆ. ಅವರ ಸಂಕಟ ಯಾರಿಗೂ ಗೊತ್ತಿಲ್ಲ. ಆ ಸಾಲಿನ ನಡುವೆ ಕಲ್ಲು ಹೊರುವವರಿಗೆ ಬಿಂದಿಗೆಯಿಂದ ನೀರು ಕೊಡುವ ಹೆಂಗಸೊಬ್ಬಳಿದ್ದಾಳೆ. ಅವಳು ಈ ಊರಿನವಳಲ್ಲ. ಸೋಮಯ್ಯನವರ ಹೆಂಡತಿ ಸಿದ್ದಲಿಂಗಮ್ಮ. ಹಿಂದೆ ಈ ಗೋಡೆ ಬರೆದಾಗ ಗಂಡನ ಜೊತೆ ಬಂದು, ಇದೇ ಜಗಲಿಯಲ್ಲಿ ಕುಳಿತು ಬಣ್ಣ ಕಲಸಿ ಕೊಡುತ್ತಿದ್ದವಳು. ಹೋದ ಆಷಾಢದಲ್ಲಿ ತೀರಿಕೊಂಡಳು. ಮಕ್ಕಳಿಲ್ಲ. ಮನೆಯಲ್ಲಿ ಅವಳದೊಂದು ಪಟವೂ ಇಲ್ಲ. ಅವಳಿರುವುದು ಈ ಗೋಡೆಯ ಮೇಲೆ ಮಾತ್ರ.

ಮೊದಲು ಅಳಿಸಿದ್ದು ಶಿವಣ್ಣನನ್ನು. ಹೋದ ವರ್ಷ ಎದೆನೋವಿನಿಂದ ಹೋದ ರೈತ. ಬೆಳಿಗ್ಗೆ ಅವನ ಮೇಲೆ ಸುಣ್ಣ ಎಳೆದು, ಸೋಮಯ್ಯ ಬಿಂದಿಗೆಯ ಹೆಂಗಸಿನ ಮುಂದೆ ನಿಲ್ಲುತ್ತಾರೆ. ಬ್ರಶ್ಶು ಏಳುವುದಿಲ್ಲ. ಅಷ್ಟರಲ್ಲಿ ಶಿವಣ್ಣನ ಹೆಂಡತಿ ದೊಡ್ಡತಾಯಮ್ಮ ಡೈರಿಗೆ ಹಾಲು ಹಾಕಿ ಬರುತ್ತಾಳೆ. ಖಾಲಿ ಕ್ಯಾನು ಕೆಳಗಿಟ್ಟು ಗೋಡೆ ನೋಡುತ್ತಾಳೆ. ಗಂಡ ಇದ್ದ ಕಡೆ ಬಿಳಿ. ಅವನು ಪಕ್ಕದವನಿಗೆ ದಾಟಿಸುತ್ತಿದ್ದ ಕಲ್ಲು ಮಾತ್ರ ಹಾಗೇ ಉಳಿದಿದೆ, ಗಾಳಿಯಲ್ಲಿ. ಅವಳು ಅಳುವುದಿಲ್ಲ.

“ಆ ಕಲ್ಲ ಈಗ ಯಾರು ಇಡ್ಕಂಡವ್ರೆ, ಆಚಾರ್ರೇ?”

ಡೈರಿಯ ಸಾಲು ಒಬ್ಬೊಬ್ಬರಾಗಿ ಇತ್ತ ತಿರುಗುತ್ತದೆ. ಮೋಹನ್ ಕುಮಾರ್ ಬರುತ್ತಾರೆ. ಕಲ್ಲನ್ನೂ ಅಳಿಸಿ ಎನ್ನಲು ಬಾಯಿ ತೆರೆದವರು ಸಾಲಿನ ಉದ್ದಕ್ಕೂ ಕಣ್ಣಾಡಿಸುತ್ತಾರೆ. ಕಲ್ಲು ಹೋದರೆ ಸಾಲೇ ತುಂಡಾಗುತ್ತದೆ. ಕೊನೆಗೆ ಅವರೇ ದಾರಿ ಹುಡುಕುತ್ತಾರೆ. ಈ ಕಡೆ ಸಾವಾದರೆ ಹೋದವನ ಹೆಗಲಿನ ಕೆಲಸವನ್ನು ಆ ಮನೆಯವರೇ ಯಾರಾದರೂ ಹೊರುವುದು ರೂಢಿ, ನಾಲೆ ಹೂಳು ತೆಗೆಯುವುದಿರಲಿ, ಭಜನೆಯ ತಾಳವಿರಲಿ. “ಮಗ ಅವ್ನಲ್ಲಾ, ಅಭಿಲಾಷು. ಅವನ್ನೇ ನಿಲ್ಸಿ” ಎನ್ನುತ್ತಾರೆ.

ಪಾಂಡವಪುರದ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಭಿಲಾಷ್ ಭಾನುವಾರ ಬಂದು, ಗೆಳೆಯರ ಗೇಲಿಯ ನಡುವೆ, ಗೋಡೆಯ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಸೋಮಯ್ಯ ಬರೆಯುತ್ತಾರೆ. ಸಂಜೆ ಭಜನೆಗೆ ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ಅಂಗಿ ಮಗನದು. ಎಡಕ್ಕೆ ಇಳಿದ ಆ ಹೆಗಲು ಶಿವಣ್ಣನದೇ. ಮೋಹನ್ ಕುಮಾರ್ ಅದನ್ನು ನೋಡಿ, ಹೋಗಿ ತಾಳ ಎತ್ತಿಕೊಳ್ಳುತ್ತಾರೆ.

ಮರುದಿನ ದೊಡ್ಡತಾಯಮ್ಮನ ಮನೆಯ ಸರದಿ. ಊಟ ತಂದವಳು ಬಿಂದಿಗೆಯ ಹೆಂಗಸಿನ ಕಡೆ ಕೈ ತೋರಿಸುತ್ತಾಳೆ.

“ಇವಳು ನಿಮ್ಮೋಳಲ್ವಾ?”

“ಎಂಗೆ ಗೊತ್ತಾಯ್ತಕ್ಕ?”

“ಬಣ್ಣ ಕಲಸ್ವಾಗ ನೋಡಿಲ್ವಾ ನಾನು? ಅವಳ ಜಾಗದಲ್ಲಿ ನನ್ನ ನಿಲ್ಸಿ. ನೀರು ಕೊಡೋಳಿಲ್ದೆ ಅಷ್ಟು ಜನ ಕಲ್ಲು ಹೊತ್ತಾರಾ?”

ಹೀಗೆ ಈ ಊರಿನ ಬೆನ್ನೊಂದು ಸಿದ್ದಲಿಂಗಮ್ಮನ ಬೆನ್ನಿನ ಮೇಲೆ ಬರುತ್ತದೆ. ಸೀರೆ ದೊಡ್ಡತಾಯಮ್ಮನದು, ತುರುಬೂ ಅವಳದೇ. ಬಿಂದಿಗೆ ಹಿಡಿದ ಎರಡು ಕೈಗಳಿಗೆ ಮಾತ್ರ ಸೋಮಯ್ಯ ಸುಣ್ಣ ತಾಗಿಸಿಲ್ಲ. ಅವು ಹಳೆಯವೇ, ಬಣ್ಣ ಸ್ವಲ್ಪ ಮಾಸಿದೆ. ಊರಿಗೆಲ್ಲ ಅದು ಗೊತ್ತಿದೆ. ಕೈಗೂ ಹೊಸ ಬಣ್ಣ ಹಚ್ಚಿ ಎಂದು ಈವರೆಗೆ ಯಾರೂ ಹೇಳಿಲ್ಲ.

ಕೆಲಸ ಮುಗಿದು ಡಬ್ಬಿಗಳ ಮುಚ್ಚಳ ಬಿಗಿಯುವಾಗ ದೊಡ್ಡತಾಯಮ್ಮ ಮತ್ತೊಮ್ಮೆ ಗೋಡೆಯ ಉದ್ದಕ್ಕೂ ನಡೆದು ಬರುತ್ತಾಳೆ. ಇಷ್ಟು ಊರು ಬರೆದಿದ್ದೀರಿ, ನೀವೆಲ್ಲೂ ಇಲ್ಲವಲ್ಲ, ಸಾಲಿನ ಕೊನೆಗಾದರೂ ನಿಲ್ಲಬಾರದಿತ್ತೆ ಎಂದು ಕೇಳುತ್ತಾಳೆ. ಸೋಮಯ್ಯ ನಗುತ್ತಾರೆ. ಚೀಲದ ಬಾಯಿ ಕಟ್ಟಿ, ಹೆಗಲಿಗೇರಿಸಿಕೊಳ್ಳುತ್ತಾರೆ.

“ನನ್ನ ಬೆನ್ನು ಎಂಗದೆ ಅಂತ ನಂಗೇನು ಗೊತ್ತಕ್ಕ? ಅದನ್ನ ನೋಡಿದ್ದೋಳು ಅವಳೊಬ್ಬಳೇ.”