ಮುಕ್ಕಾದ ಮೂಗು

ಕೋಲಾರದ ಬಾಕ್ಸಿಂಗ್ ಪಂದ್ಯದಲ್ಲಿ ನನ್ನ ಮೂಗು ಮುರಿದ ದಿನವೇ ಅಪ್ಪ ನನ್ನ ಗ್ಲೌಸ್ ಬಚ್ಚಿಟ್ಟ. ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುವವನು ಅವನು. "ಮುಕ್ಕಾದ ಮೂರ್ತೀನ ಯಾರೂ ಪೂಜೆಗೆ ಇಡಲ್ಲ ಕಣೇ. ನಿನ್ನನ್ನ ಇನ್ಯಾರು ಮದುವೆ ಆಗ್ತಾರೆ?" ಎಂದ.

ಬ್ಯಾಂಡೇಜು ಬಿಚ್ಚಿದ ದಿನ ಸಿಟ್ಟು ತಡೆಯಲಾಗದೆ ಮೊಬೈಲನ್ನು ಅವನ ಮುಖಕ್ಕೆ ಹಿಡಿದೆ. ಅದರ ಫೋಟೋದಲ್ಲಿ ಕೊರಿಯಾದ ಬಾಕ್ಸರ್ ಒಬ್ಬಳು, ಹವ್ಯಾಸಿ ಪಂದ್ಯಗಳಲ್ಲಿ ಮೂಗು ಮುರಿಸಿಕೊಂಡು ಸೋತವಳು, ವೃತ್ತಿಪರ ಕಣಕ್ಕಿಳಿದು ಅದೇ ಸೊಟ್ಟ ಮೂಗಿನಲ್ಲಿ ವಿಶ್ವ ಚಾಂಪಿಯನ್ ಬೆಲ್ಟ್ ಎತ್ತಿ ಹಿಡಿದಿದ್ದಳು.

ಅಪ್ಪ ಬೆಲ್ಟ್ ನೋಡಲೇ ಇಲ್ಲ. "ಇವಳ ಮೂಗೂ ಕೆಟ್ಟಿದೆ" ಎಂದು ಮತ್ತೆ ಉಳಿ ಕೈಗೆತ್ತಿಕೊಂಡ.

"ಕಲ್ಲಿನ ಮೂಗು ಮುರಿದ್ರೆ ಕೂಡ್ಕೊಳಲ್ಲ ಅಪ್ಪಾ," ಎಂದು ಕಿರುಚಿದೆ. "ನಂದು ಮೂರೇ ವಾರಕ್ಕೆ ಕೂಡ್ಕೊಳ್ತು. ಗ್ಲೌಸ್ ಎಲ್ಲಿಟ್ಟಿದೀಯ, ಹೇಳು!"