ಸೋದರತ್ತೆಯ ನಾಯಿಯನ್ನು ನೋಡಲು ಬರುತ್ತಿದ್ದವನು

ಬಬಲೇಶ್ವರದ ನನ್ನ ಸೋದರತ್ತೆ ತೀರಿಕೊಂಡಾಗ ನಾನಿನ್ನೂ ಹೊಸ ಸೊಸೆ. ಎಪ್ಪತ್ತರ ದಶಕದ ನಡುಗಾಲ. ನನ್ನ ತವರು ವಿಜಾಪುರ, ಗಂಡನ ಮನೆ ತಿಕೋಟಾ. ಸೋದರತ್ತೆಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಂದು ಎಮ್ಮೆ ಕಟ್ಟಿಕೊಂಡು, ಹಾಲು ಮೊಸರು ಮಾರಿಕೊಂಡು, ಯಾರ ಹಂಗೂ ಇಲ್ಲದೆ ಬದುಕಿದವಳು. ಜೊತೆಗೆ ಒಂದು ನಾಯಿ. ಅದಕ್ಕೆ ಹೆಸರೇ ಇರಲಿಲ್ಲ. ‘ಬಾರಲೇ’ ಅಂದರೆ ಬರುತ್ತಿತ್ತು, ‘ಹೋಗಲೇ’ ಅಂದರೆ ಹೋಗಿ ಎಮ್ಮೆಯ ಗೋದಲಿಯ ಪಕ್ಕ ಮಲಗುತ್ತಿತ್ತು. ಅವಳು ಸಾಯುವ ಹೊತ್ತಿಗೆ ಅದೂ ಮುದಿಯಾಗಿ ಮೂತಿಯೆಲ್ಲ ನರೆತು ಹೋಗಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು.

ಅವಳು ಸತ್ತ ದಿನ ನಾವು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮೂರನೆಯ ದಿನದ ಕಾರ್ಯಕ್ಕೆ ಮತ್ತೆ ಚಕ್ಕಡಿ ಕಟ್ಟಿಕೊಂಡು ಹೋದೆವು. ಊಟವಾಗಿ ಹತ್ತಿರದ ನಾಲ್ಕು ಮಂದಿ ಉಳಿದಾಗ, ಎಮ್ಮೆ ಯಾರಿಗೆ, ಭಾಂಡೆ ಸಾಮಾನು ಯಾರಿಗೆ ಎಂಬ ಮಾತೆಲ್ಲ ಸಲೀಸಾಗಿ ಮುಗಿಯಿತು. ನಾಯಿಯ ಮಾತು ಬಂದಾಗ ಮಾತ್ರ ಎಲ್ಲರೂ ಬೇರೆ ಕಡೆ ನೋಡಿದರು. ‘ಬಿಟ್ಟುಬಿಡ್ರಿ, ಎಲ್ಲ್ಯರೆ ತಿಂದ್ಕೊಂಡ ಇರ್ತೈತಿ’ ಅಂದ ಒಬ್ಬ. ‘ಇನ್ನೇನ ದಗದಾ ಮಾಡ್ತೈತಿ ಅದು, ಒಂದ ಏಟಿಗೆ ಮುಗಸ್ರಿ, ಪುಣ್ಯಾ ಬರ್ತೈತಿ’ ಅಂದ ಇನ್ನೊಬ್ಬ.

ಆಗ ಅವನು ಎದ್ದು ನಿಂತ. ಸೋದರತ್ತೆಯ ಮೈದುನನ ಮಗ. ಅವಳ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ.

‘ಹೊಡೀಬ್ಯಾಡ್ರಿ. ಬಿಡಲೂಬ್ಯಾಡ್ರಿ. ನಾಯಿ ನನಗ ಕೊಡ್ರಿ, ಕಟ್ಟಿ ಹಾಕ್ತೇನಿ.’

ಅವನ ದನಿ ಅಷ್ಟು ಜೋರಾಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನ್ನಪ್ಪ ಥಟ್ಟನೆ ತಿರುಗಿ ನೋಡಿದರು. ಆ ನಾಯಿಗೆ ಅವನು ಒಂದು ರೊಟ್ಟಿ ಚೂರು ಹಾಕಿದವನಲ್ಲ. ತನ್ನ ಅಂಗಳಕ್ಕೆ ಬಂದರೆ ಕಲ್ಲೊಗೆಯುತ್ತಾನೆ ಎಂದು ಸೋದರತ್ತೆಯೇ ಬೈದುಕೊಳ್ಳುತ್ತಿದ್ದಳು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: ‘ಇದರಾಗ ಏನೋ ಐತಿ. ನಾಯಿ ಸಾಕಿದಾವ ನಾನ, ಆಕಿನ ಕಡೀತನಕ ನೋಡಿದಾವ ನಾನ ಅಂತ ನಾಳೆ ಈ ಹಿತ್ತಲಾ ಕೇಳ್ತಾನ. ನೀವ ಒಯ್ಯಿರಿ ನಾಯೀನ.’

ನನ್ನ ಯಜಮಾನರಿಗೆ ನಾಯಿ ಬೇಕಿರಲಿಲ್ಲ. ಮಾವನ ಮಾತು ಮೀರಲಾಗದೆ ಹಗ್ಗ ಹಿಡಿದು ಅದನ್ನು ಚಕ್ಕಡಿಗೆ ಎತ್ತಿದರು. ಅವನು ಊರ ಹೊರಗಿನ ತನಕ ಚಕ್ಕಡಿಯ ಹಿಂದೆಯೇ ನಡೆದು ಬಂದ. ‘ವೈನಿ, ಅದನ್ನ ಬಿಡಬ್ಯಾಡ್ರಿ, ಕಟ್ಟೇ ಇಡ್ರಿ’ ಎಂದು ನನಗೆ ಎರಡೆರಡು ಸಲ ಹೇಳಿದ. ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಯಜಮಾನರು ಹಿಂದಿರುಗಿ ನೋಡದೆ ಎತ್ತುಗಳನ್ನು ಹೊಡೆದರು.

ಇಲ್ಲೊಂದು ವಿಷಯ ಹೇಳಿಬಿಡಬೇಕು. ನನ್ನನ್ನು ಇವರಿಗೆ ಕೊಡುವ ಮೊದಲು ಅವನಿಗೆ ಕೊಡುವ ಮಾತು ಬಂದಿತ್ತು. ಸೋದರತ್ತೆಗೆ ಆ ಆಸೆ ಇತ್ತು. ಅಪ್ಪ ಒಪ್ಪಲಿಲ್ಲ, ಮಾತು ಅಲ್ಲಿಗೇ ನಿಂತಿತು. ನಾನೂ ಅವನೂ ಎದುರುಬದುರು ನಿಂತು ಎರಡು ಮಾತು ಆಡಿದ್ದೂ ಇರಲಿಲ್ಲ. ಆದರೆ ಕೂಡದೆ ಹೋದ ಸಂಬಂಧದ ಸುದ್ದಿಯನ್ನು ಗಂಡನ ಮನೆಯವರು ಮರೆಯುವುದಿಲ್ಲ.

ಮರುದಿನವೇ ಅವನು ತಿಕೋಟಾಕ್ಕೆ ಬಂದ. ಬಬಲೇಶ್ವರದಿಂದ ವಿಜಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಮ್ಮೂರಿಗೆ ಇನ್ನೊಂದು. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ನನ್ನ ಅತ್ತೆ, ಯಜಮಾನರ ತಾಯಿ, ಕಟ್ಟೆಯ ಮೇಲೆ ಕುಳಿತಿದ್ದರು. ಅವನು ಬಾಗಿಲಲ್ಲೇ ನಿಂತು, ಕ್ಷೇಮ ಸಮಾಚಾರ ಒಂದೂ ಕೇಳದೆ, ‘ನಾಯಿ ನೀರು ಕುಡದೈತೇನ್ರಿ?’ ಅಂದ.

‘ಕುಡೀಲಾರದ ಏನ್ ಮಾಡ್ತೈತಿ?’ ಅಂದರು ಅತ್ತೆ.

ಜೇಬಿನಿಂದ ಬಿಸ್ಕೀಟು ತೆಗೆದು ದೂರದಿಂದಲೇ ನಾಯಿಗೆ ಎಸೆದ. ಅದು ಮೂಸಿ, ಅಗಿದು, ನುಂಗುವವರೆಗೆ ಕಣ್ಣು ಮಿಟುಕಿಸದೆ ಅದರ ಗಂಟಲನ್ನೇ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು, ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಹೊರಟುಹೋದ.

ಒಂದು ದಿನ ಬಿಟ್ಟು ಮತ್ತೆ ಬಂದ. ಅದೇ ಪ್ರಶ್ನೆ, ಅದೇ ಬಿಸ್ಕೀಟು. ನಾಯಿಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಪ್ರೀತಿ ಇದ್ದವನು ತಲೆ ಸವರಬೇಡವೇ? ಅದು ನನಗೂ ಚುಚ್ಚುತ್ತಿತ್ತು. ಮೂರನೆಯ ಸಲ ಅವನು ಬಂದುಹೋದ ಮೇಲೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತರು.

‘ಏನಬೇ, ಅಂವ ನಾಯಿ ನೋಡಾಕ ಬರ್ತಾನೋ, ನಿನ್ನ ನೋಡಾಕ ಬರ್ತಾನೋ?’

‘ನಾಯಿ ನೋಡಾಕ ರೀ ಅತ್ತಿ.’

‘ಎರಡು ಬಸ್ ಹತ್ತಿ ಮುದಿ ನಾಯಿ ನೋಡಾಕ ಬರಾಂವನ್ನ ನನ್ನ ಜಲ್ಮದಾಗ ನಾ ನೋಡಿಲ್ಲ.’

ಕೈಯಲ್ಲಿದ್ದ ರೊಟ್ಟಿ ಹರಿಯಿತು. ಅಂಥವನನ್ನು ನಾನೂ ನೋಡಿರಲಿಲ್ಲ. ಅವನು ಯಾಕೆ ಬರುತ್ತಾನೆಂದು ನನಗೇ ಗೊತ್ತಿಲ್ಲದಿರುವಾಗ ಬೇರೆಯವರಿಗೆ ಏನೆಂದು ಹೇಳಲಿ? ಓಣಿಯ ಹೆಂಗಸರು ನೀರಿಗೆ ಹೋದಾಗ, ‘ಇವತ್ತ ಬಂದಿದ್ನೇನ ನಿಮ್ಮ ಬೀಗಾ?’ ಎಂದು ನಗತೊಡಗಿದ್ದರು. ಯಜಮಾನರು ಏನೂ ಕೇಳಲಿಲ್ಲ. ಆದರೆ ಘೋಣಸಗಿಯ ನಮ್ಮ ಹೊಲದಿಂದ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದವರು, ಈಗ ವಿಜಾಪುರದ ಬಸ್ಸು ಬರುವ ಹೊತ್ತಿಗೇ ಮನೆಯಲ್ಲಿರುತ್ತಿದ್ದರು. ಕುಡಗೋಲು ಮಸೆಯುವುದೋ, ಹಗ್ಗ ಹೊಸೆಯುವುದೋ, ಏನೋ ಒಂದು ನೆಪ. ಅವರು ಕೇಳಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಕೇಳದೆ ಇದ್ದದ್ದೇ ಕಷ್ಟವಾಗಿತ್ತು.

ಹೀಗಿರುವಾಗ ಒಂದು ಮುಂಜಾನೆ ನಾಯಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಹಿಂದಿನ ಸಂಜೆ ಅದನ್ನು ಬಿಚ್ಚಿ ಸ್ವಲ್ಪ ಹೊತ್ತು ಹೊರಗೆ ಬಿಟ್ಟಿದ್ದೆ, ಆಗ ಚೆನ್ನಾಗಿಯೇ ಇತ್ತು. ಈಗ ಬಾಯಿ ಅರ್ಧ ತೆರೆದು, ಮುಂಗಾಲಿನಿಂದ ಮೂತಿ ಕೆರೆದುಕೊಳ್ಳುತ್ತ, ನೆಲಕ್ಕೆ ತಲೆ ತಿಕ್ಕುತ್ತಿತ್ತು. ನೀರಿಟ್ಟರೆ ಮೂತಿ ಅದ್ದಿ ಹಿಂದೆ ತೆಗೆಯಿತು.

ಅತ್ತೆ ಎದೆ ಬಡಿದುಕೊಂಡರು. ‘ವಿಷಾ ಹಾಕ್ಯಾನ! ಆ ಬಿಸ್ಕೀಟಿನ್ಯಾಗ ಏನೋ ಹಾಕ್ಯಾನ! ಇಲ್ಲಂದ್ರ ಹುಚ್ಚ ಹಿಡದೈತಿ!’

ಎರಡರಲ್ಲಿ ಯಾವುದಾಗಿದ್ದರೂ ನಾಯಿಯನ್ನು ಉಳಿಸುವಂತಿರಲಿಲ್ಲ. ಯಜಮಾನರು ಬಡಿಗೆ ಹುಡುಕಿ ತಂದರು. ಆದರೆ ಹೊಡೆಯಲಿಲ್ಲ. ಬಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು, ‘ಬರ್ಲಿ ಅಂವ’ ಅಂದರು.

ಅವನು ಬಂದ. ಬಾಗಿಲು ದಾಟುವ ಮೊದಲೇ ಯಜಮಾನರು ಅಡ್ಡ ನಿಂತರು.

‘ಖರೇ ಹೇಳು. ನಾಯಿಗೆ ಏನ್ ತಿನಿಸಿದಿ? ಈ ಮನಿಗೆ ಯಾಕ ಬರ್ತಿ?’

ಅವನಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವನ ಕಣ್ಣು ಯಜಮಾನರ ಹೆಗಲ ಮೇಲಿಂದ ನಾಯಿಯ ಕಡೆಗೆ ಹೋಯಿತು. ಜೊಲ್ಲು ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.

‘ಯಪ್ಪಾ, ಮುಗೀತು. ಅದು ಸತ್ರ ನಾನೂ ಸಾಯಾಂವ ರೀ ಅಣ್ಣಾರ.’

ಧೋತರವನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದ. ಮೀನಖಂಡದ ಮೇಲೆ ಹಲ್ಲಿನ ಗಾಯ, ಸುತ್ತ ಅರಿಶಿನ ಮೆತ್ತಿತ್ತು.

ಆಮೇಲೆ ಅವನು ಅಳುತ್ತ ಹೇಳಿದ್ದಿಷ್ಟು. ಸೋದರತ್ತೆಯ ಹೆಣ ಎತ್ತುವಾಗ ನಾಯಿ ಅವಳ ಹೊರಸು ಮಂಚದ ಕೆಳಗಿನಿಂದ ಏಳಲಿಲ್ಲ. ಇವನು ಕಾಲಿನಿಂದ ನೂಕಿದಾಗ ಕಚ್ಚಿಬಿಟ್ಟಿತು. ಗದ್ದಲದಲ್ಲಿ ಯಾರೂ ನೋಡಲಿಲ್ಲ. ಮರುದಿನ ಹೆದರಿಕೆಯಾಗಿ ವಿಜಾಪುರದ ದವಾಖಾನೆಗೆ ಹೋದ. ಹತ್ತು ದಿವಸ ನಾಯಿಯ ಮೇಲೆ ಕಣ್ಣಿಡು, ಅದು ನೆಟ್ಟಗಿದ್ದರೆ ನಿನಗೆ ಏನೂ ಆಗುವುದಿಲ್ಲ, ಅದರ ಲಕ್ಷಣ ಬದಲಾದರೆ ಆ ಹೊತ್ತಿಗೇ ಬಾ, ಹೊಟ್ಟೆಯ ಸುತ್ತ ಸೂಜಿ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

‘ಮೊದಲ ಯಾಕ ಹೇಳಲಿಲ್ಲ?’ ಯಜಮಾನರು ಕೇಳಿದರು.

‘ಹ್ಯಾಂಗ ಹೇಳ್ಲಿ ರೀ? ಕಡದೈತಿ ಅಂದ್ರ ಮಂದಿ ಅದನ್ನ ಅಲ್ಲೇ ಬಡದ ಹಾಕ್ತಿದ್ರು. ಅದು ಸತ್ರ, ಅದಕ ಹುಚ್ಚ ಇತ್ತೋ ಇಲ್ಲೋ ನನಗ ಹ್ಯಾಂಗ ತಿಳೀಬೇಕು? ಮನ್ಯಾಗೂ ಹೇಳಿಲ್ಲ. ನನ್ನ ಹೇಣ್ತಿ ದಿನ ತುಂಬಿದ ಬಸರಿ.’

ಯಜಮಾನರ ಕೈಯ ಬಡಿಗೆ ಕೆಳಗಿಳಿಯಿತು. ಆದರೂ ಒಂದು ಕ್ಷಣ ಅವರು ಗಾಯದ ಮೇಲೆ ಬಾಗಿ, ಅದು ನಿಜವಾದ ಹಲ್ಲಿನ ಗಾಯವೇ ಎಂದು ನೋಡಿದ್ದನ್ನು ನಾನು ನೋಡಿದೆ.

ಹುಚ್ಚು ಹೌದೋ ಅಲ್ಲವೋ ಮೊದಲು ತಿಳಿಯಲೆಂದು ಇಬ್ಬರೂ ಸೇರಿ ನಾಯಿಯ ಮೇಲೆ ದಪ್ಪ ಗೋಣಿಚೀಲ ಹಾಕಿ, ಕೈಗೂ ಚೀಲ ಸುತ್ತಿಕೊಂಡು, ಚಕ್ಕಡಿಯಲ್ಲಿ ದನದ ದವಾಖಾನೆಗೆ ಒಯ್ದರು. ನಾನೂ ಹಟ ಹಿಡಿದು ಹೋದೆ. ಅಲ್ಲಿನ ಡಾಕ್ಟರು ಮೊದಲು ಬಾಗಿಲ ಹೊರಗೇ ಬರಲಿಲ್ಲ. ‘ಹುಚ್ಚ ನಾಯಿ ತಂದು ನನ್ನ ಕೊಳ್ಳಿಗೆ ಕಟ್ಟಬ್ಯಾಡ್ರಿ’ ಎಂದು ಒಳಗಿನಿಂದಲೇ ಕೂಗಿದರು. ಕೊನೆಗೆ ನಾಯಿಯ ಕಾಲು ಕಟ್ಟಿಸಿ, ದವಡೆಗಳ ನಡುವೆ ಕಟ್ಟಿಗೆ ತುಂಡು ಕೊಟ್ಟು, ಬ್ಯಾಟರಿ ಬಿಟ್ಟು ನೋಡಿದರು. ಮೇಲಿನ ಅಂಗುಳಕ್ಕೆ ಅಡ್ಡಲಾಗಿ, ಎರಡು ಕಡೆಯ ಹಲ್ಲುಗಳ ನಡುವೆ ಒಂದು ಎಲುಬಿನ ಚೂರು ಸಿಕ್ಕಿಕೊಂಡಿತ್ತು. ಹಿಂದಿನ ಸಂಜೆ ಯಾವುದೋ ತಿಪ್ಪೆಯಲ್ಲಿ ಹೆಕ್ಕಿರಬೇಕು. ಇಕ್ಕಳ ಹಾಕಿ ಎಳೆದರು. ನಾಯಿ ಒಮ್ಮೆ ಚೀರಿತು. ಹಗ್ಗ ಸಡಿಲಿಸಿದ ಕೂಡಲೇ ಅಲ್ಲೇ ದನಗಳಿಗೆ ಇಟ್ಟಿದ್ದ ತೊಟ್ಟಿಗೆ ಬಾಯಿ ಹಾಕಿ ಲೊಚಲೊಚ ಕುಡಿಯತೊಡಗಿತು.

ಅವನು ತೊಟ್ಟಿಯ ಪಕ್ಕ ಮೊಣಕಾಲೂರಿ ಕುಳಿತು ಅದು ಕುಡಿಯುವುದನ್ನೇ ನೋಡಿದ. ಕೈ ಚಾಚಿದ. ನಾಯಿ ಕುಡಿಯುತ್ತಲೇ ಗುರ್ ಅಂದಿತು. ಕೈ ಹಿಂದೆಗೆದುಕೊಂಡ.

‘ಆದ್ರೂ ನಿಮ್ಮ ಡಾಕ್ಟರ ಹೇಳಿದ ಹತ್ತ ದಿನದ ಮುದ್ದತ ಮುಗಿಯೂತನಕ ನೋಡ್ರಿ’ ಅಂದರು ದನದ ಡಾಕ್ಟರು. ‘ಎಲುವು ಸಿಕ್ಕ ನಾಯಿಗೆ ಹುಚ್ಚ ಇರಬಾರದು ಅಂತೇನಿಲ್ಲ.’

ಮನೆಗೆ ಬಂದಾಗ ಅತ್ತೆ ಎಲ್ಲ ಕೇಳಿಸಿಕೊಂಡು, ‘ದಿನಾ ಬಸ್ಸಿಗೆ ಯಾಕ ಅಡ್ಡಾಡ್ತಿಯೋ ತಮ್ಮಾ, ಇಲ್ಲೇ ಇರು’ ಎಂದು ಅವನಿಗೆ ಪಡಸಾಲೆಯಲ್ಲಿ ಹಾಸಿಗೆ ಹಾಕಿಸಿದರು. ನನಗೆ ಆಶ್ಚರ್ಯವಾಯಿತು. ಒಳಗೆ ಬಂದು ಮೆಲ್ಲಗೆ ಹೇಳಿದರು: ‘ಕಣ್ಣ ಮುಂದ ಇರ್ಲಿ. ಗೊತ್ತಾಗ್ತೈತಿ.’

ಉಳಿದ ದಿನಗಳಲ್ಲಿ ಅವನು ನಾಯಿಯನ್ನು ನೋಡುತ್ತ ಕೂರುತ್ತಿದ್ದ. ಅತ್ತೆ ಅವನನ್ನು ನೋಡುತ್ತ ಕೂರುತ್ತಿದ್ದರು. ಯಜಮಾನರು ಹೊಲಕ್ಕೆ ಹೋದರೂ ಬೇಗ ಬರುತ್ತಿದ್ದರು. ನಾನು ಅಡಿಗೆಮನೆಯಿಂದ ಹೊರಗೇ ಬರಲಿಲ್ಲ. ನೀರು ಕೇಳಿದರೂ ಅತ್ತೆಯೇ ಕೊಟ್ಟರು. ನಾಯಿ ತಿಂದಿತು, ಕುಡಿಯಿತು, ಮಲಗಿತು. ಡಾಕ್ಟರು ಹೇಳಿದ ಅವಧಿ ಮುಗಿದ ಮುಂಜಾನೆ ಅವನು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ, ‘ನಾಯೀನ ಒಯ್ಯತೇನ್ರಿ ಆಯಿ. ಅದರ ಜಾಗಾ ಅಲ್ಲೇ ಐತಿ’ ಅಂದ.

ಒಯ್ಯಲಿ ಅಂದರೆ ಅಪ್ಪನಿಗೆ ಹಿತ್ತಲಿನ ಸಂಶಯ. ಬೇಡ ಅಂದರೆ ಅವನಿಗೆ ಇಲ್ಲಿಗೆ ಬರಲು ನೆಪ. ಯಜಮಾನರು ಮೀಸೆ ತಿರುವುತ್ತ ನಿಂತಿದ್ದರು.

ನನಗೆ ಸಾಕಾಗಿತ್ತು. ಮದುವೆಯಾದ ಮೇಲೆ ಆ ಪಡಸಾಲೆಯಲ್ಲಿ ಗಂಡಸರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ‘ಇಂವ ಒಯ್ಯೂದೂ ಬ್ಯಾಡ, ಈ ಅಂಗಳದಾಗ ಇರೂದೂ ಬ್ಯಾಡ. ಘೋಣಸಗಿ ಹೊಲದಾಗ ಇರ್ಲಿ. ಅಲ್ಲಿ ಅದನ್ನ ನೋಡಾಕ ಯಾರೂ ಬರೂದಿಲ್ಲ’ ಅಂದೆ. ಅತ್ತೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ‘ಖರೇ ಹೇಳ್ತಾಳ’ ಅಂದರು.

ನಾಯಿ ಹೊಲದ ಗುಡಿಸಲಿನ ನೆರಳಲ್ಲಿ ಒಂದು ಮಳೆಗಾಲ, ಒಂದು ಸುಗ್ಗಿ ಕಳೆಯಿತು. ಅತ್ತೆ ಹೊಲಕ್ಕೆ ಹೋದಾಗಲೆಲ್ಲ, ಅದನ್ನು ಬೈಯುತ್ತಲೇ ಮಜ್ಜಿಗೆಯಲ್ಲಿ ರೊಟ್ಟಿ ಹಿಚುಕಿ ಇಡುತ್ತಿದ್ದರು. ಚಳಿಯಲ್ಲಿ ಒಂದು ದಿನ ಮಲಗಿದ್ದು ಏಳಲಿಲ್ಲ. ಬದುವಿನ ಬೇವಿನ ಗಿಡದ ಬುಡದಲ್ಲಿ ಹುಗಿದರು.

ಸುದ್ದಿಯನ್ನು ಬಬಲೇಶ್ವರಕ್ಕೆ ತಿಳಿಸಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ, ಬಾಯಿ ಬಿಟ್ಟು ಹೇಳಲಿಲ್ಲ. ಮರುದಿನ ಯಜಮಾನರೇ ಒಗೆದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು. ಸಂಜೆ ಬಂದು ಕಾಲು ತೊಳೆದು ಊಟಕ್ಕೆ ಕುಳಿತರು.

‘ಅಂವ ಅತ್ತ’ ಅಂದರು. ರೊಟ್ಟಿ ಮುರಿಯುತ್ತ, ‘ಖರೇನ ಅತ್ತ. ಅವನ ಹೇಣ್ತಿ ಕೂಸಿನ್ನ ತಂದು ತೋರಿಸಿದಳು’ ಅಂದರು.

ಅವರು ಸುದ್ದಿ ಹೇಳಲು ಹೋಗಿದ್ದರೋ, ಸುದ್ದಿ ಕೇಳಿದಾಗ ಅವನ ಮುಖ ಹೇಗಾಗುತ್ತದೆ ಎಂದು ನೋಡಲು ಹೋಗಿದ್ದರೋ, ನಾನು ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ. ಅವರು ಬೇಡ ಅನ್ನಲಿಲ್ಲ.